ಸ್ಟೇಷನ್ ವ್ಯಾಗನ್‌ಗೆ ತುಕ್ಕು: ತಗಡು ಕತ್ತರಿಸುವ ಮೊದಲು ನೀರಿನ ದಾರಿ ಹುಡುಕಿ

ಹಳೆಯ ಸ್ಟೇಷನ್ ವ್ಯಾಗನ್ನಿನ ಸ್ಟೆಪ್ನಿ ಗುಂಡಿ ತೂತಾಗಿತ್ತು. ತುಕ್ಕು ಹಿಡಿದ ಭಾಗ ಕತ್ತರಿಸಿ, ಹೊಸ ತಗಡು ಬೆಸೆದು, ಪ್ರೈಮರ್ ಹೊಡೆದು, ಅಡಿಯಿಂದ ದಪ್ಪಗೆ ತುಕ್ಕು ತಡೆಯುವ ಅಂಡರ್‌ಕೋಟ್ ಬಳಿದದ್ದೂ ಆಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಬೆಸುಗೆಯ ಅಂಚಿನಲ್ಲಿ ಮತ್ತೆ ಕಂದು ಗೆರೆ. ಬೆಸುಗೆ ಕೆಟ್ಟದ್ದಾಗಿತ್ತು ಅಂತಲ್ಲ. ಗುಂಡಿಗೆ ನೀರು ಇಳಿಯುತ್ತಿದ್ದ ದಾರಿಯನ್ನು ಯಾರೂ ಮುಚ್ಚಿರಲಿಲ್ಲ, ಅಷ್ಟೇ.

ಈ ಗಾಡಿಗಳ ಮೈಕಟ್ಟೇ ಹಾಗಿದೆ. ಉದ್ದದ ಚಾವಣಿ, ಅದರ ಎರಡು ಬದಿಗೂ ನೀರು ಹರಿಯುವ ಕಾಲುವೆ, ಮೇಲೆ ಕೆರಿಯರ್ ಕೂರಿಸಲು ಕೊರೆದ ತೂತುಗಳು, ರಬ್ಬರಿನಲ್ಲಿ ಕೂತ ಉದ್ದುದ್ದ ಪಕ್ಕದ ಗಾಜುಗಳು, ಗೋಡೆಯಷ್ಟು ದೊಡ್ಡ ಹಿಂಬಾಗಿಲು. ಸೆಡಾನ್ ಕಾರಿನಲ್ಲಿ ಡಿಕ್ಕಿಗೆ ನೀರು ಬಂದರೆ ಡಿಕ್ಕಿ ತೆರೆದ ಕೂಡಲೇ ಕಾಣುತ್ತದೆ. ವ್ಯಾಗನ್ನಿನಲ್ಲಿ ಅದು ಚಾವಣಿಯ ಬಟ್ಟೆಯ ಮೇಲೆ ಹರಿದು, ಹಿಂಗಂಬದೊಳಗೆ ಇಳಿದು, ಪಕ್ಕದ ಹಲಗೆಯ ಹಿಂದೆ ಸದ್ದಿಲ್ಲದೆ ಗುಂಡಿ ಸೇರುತ್ತದೆ. ನೀರು ಒಳಬಂದ ಜಾಗಕ್ಕೂ ತಗಡು ಕೊಳೆತ ಜಾಗಕ್ಕೂ ಒಂದೂವರೆ ಮೀಟರ್ ಅಂತರವಿದ್ದರೂ ಆಶ್ಚರ್ಯವಿಲ್ಲ. ಹಾಗಾಗಿ ತಗಡು ಕತ್ತರಿಸುವ ಗ್ರೈಂಡರ್ ಕೈಗೆತ್ತಿಕೊಳ್ಳುವ ಮೊದಲು ಒಂದು ವಾರಾಂತ್ಯವನ್ನು ಬರೀ ನೀರಿಗಾಗಿ ಎತ್ತಿಡಿ.

ಯಾವಾಗ ಒದ್ದೆಯಾಗುತ್ತದೆ?

ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ನಿಲ್ಲಿಸಿದ ಗಾಡಿ ಮಳೆಗೆ ಒದ್ದೆಯಾದರೆ ನೀರು ಮೇಲಿನಿಂದ ಬರುತ್ತಿದೆ: ಚಾವಣಿ, ಗಾಜು, ಹಿಂಬಾಗಿಲು. ಒದ್ದೆ ರಸ್ತೆಯಲ್ಲಿ ಓಡಿಸಿದಾಗ ಮಾತ್ರ ನೆಲ ನೆನೆದರೆ ಚಕ್ರ ಎರಚುವ ನೀರು ಕೆಳಗಿನಿಂದ ಬರುತ್ತಿದೆ: ಚಕ್ರದ ಕಮಾನು, ನೆಲದ ರಬ್ಬರ್ ಬಿರಡೆ, ಒಡೆದ ಸೀಮ್ (ಎರಡು ತಗಡು ಕೂಡುವ ಗೆರೆ). ಮಳೆ ನಿಂತು ಎಷ್ಟೋ ಹೊತ್ತಾದ ಮೇಲೆ, ಬ್ರೇಕ್ ಹಾಕಿದಾಗಲೋ ತಿರುವಿನಲ್ಲೋ ಒಮ್ಮೆಲೇ ನೀರು ಸುರಿದರೆ ಎಲ್ಲೋ ಪೊಳ್ಳಿನಲ್ಲಿ ಅದು ಸಂಗ್ರಹವಾಗಿ ನಿಂತಿದೆ. ಬಾಗಿಲಿನ ಕೆಳಗಿನ ಸಿಲ್ ಅಥವಾ ಚಾವಣಿಯ ಅಡ್ಡಪಟ್ಟಿಯ ತೂತು ಕಟ್ಟಿಕೊಂಡಿದೆ. ಬಾಗಿಲು ಮೆಲ್ಲಗೆ ಅಲ್ಲಾಡಿಸಿದರೆ ಒಳಗೆ ಗುಳುಗುಳು ಕೇಳಿಸುವುದುಂಟು.

ಮಳೆಯೇ ಇಲ್ಲದೆ ಮುಂದಿನ ಸೀಟಿನ ಕಾಲಡಿ ಒದ್ದೆಯಾದರೆ ಬೆರಳಿನಲ್ಲಿ ಮುಟ್ಟಿ ನೋಡಿ. ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಹೀಟರಿನ ಚಿಕ್ಕ ರೇಡಿಯೇಟರ್ ಸೋರುತ್ತಿದೆ. ಬಾಯಿಗೆ ಮಾತ್ರ ಇಟ್ಟುಕೊಳ್ಳಬೇಡಿ, ಅದು ವಿಷ. ತಿಳಿನೀರಾದರೆ ಗಾಜಿನ ಮುಂದಿನ ಗಾಳಿಪೆಟ್ಟಿಗೆ ನೋಡಿ. ವೈಪರಿನ ಕೆಳಗಿರುವ ಆ ಪೆಟ್ಟಿಗೆಯಲ್ಲಿ ಎಲೆಕಸ ಕೊಳೆತು ಮೂಲೆಯ ತೂತು ಮುಚ್ಚಿದರೆ ನೀರು ತುಂಬಿ ಹೀಟರಿನ ಬಾಯಿಂದಲೇ ಒಳಗೆ ಉಕ್ಕುತ್ತದೆ.

ಪೈಪಿನ ಪರೀಕ್ಷೆ

ಮೊದಲು ಗಾಡಿಯ ಒಳಭಾಗ ಖಾಲಿಯಾಗಬೇಕು. ನೆಲದ ಕಾರ್ಪೆಟ್, ಅದರಡಿಯ ಫೆಲ್ಟ್, ಹಿಂದಿನ ಪಕ್ಕದ ಹಲಗೆಗಳು, ಹಿಂಬಾಗಿಲಿನ ಒಳಹಲಗೆ, ಸ್ಟೆಪ್ನಿ, ಜಾಕಿ ಎಲ್ಲವನ್ನೂ ತೆಗೆಯಿರಿ. ಫೆಲ್ಟ್ ಒದ್ದೆಯಿದ್ದರೆ ಒಣಗಿಸಿ ಮತ್ತೆ ಹಾಸುವ ಆಸೆ ಬಿಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ತೇವ ಹಿಡಿದಿರುತ್ತದೆ. ತಗಡನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಅನುಮಾನವಿರುವ ಕಡೆಯೆಲ್ಲ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ. ಒಂದು ಹನಿ ಹರಿದರೂ ಪೌಡರಿನಲ್ಲಿ ಗೆರೆ ಬೀಳುತ್ತದೆ. ಆ ಗೆರೆಯನ್ನು ಮೇಲ್ಮುಖವಾಗಿ ಹಿಂಬಾಲಿಸುವುದೇ ನಿಮ್ಮ ಕೆಲಸ.

ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗೆ ಪೈಪ್ ಹಿಡಿಯಬೇಕು. ಪೈಪಿಗೆ ನಳಿಕೆ ಬೇಡ, ನೀರು ಮೆಲ್ಲಗೆ ಸುರಿಯಲಿ. ಪ್ರೆಷರ್ ವಾಷರ್ ಅಂತೂ ಬೇಡವೇ ಬೇಡ. ಮಳೆ ಎಂದೂ ನುಗ್ಗದ ಕಡೆಗೂ ಅದು ನೀರು ನುಗ್ಗಿಸಿ ಇಲ್ಲದ ದೋಷ ತೋರಿಸುತ್ತದೆ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ. ಮೊದಲು ಹಿಂಬಾಗಿಲಿನ ಕೆಳ ಅಂಚು, ಆಮೇಲೆ ಹಿಂದೀಪಗಳು, ಆಮೇಲೆ ಬಾಗಿಲಿನ ಗಾಜಿನ ಕೆಳಬದಿ, ಅದರ ಬದಿಗಳು, ಪಕ್ಕದ ಗಾಜು, ಕೀಲುಗಳು, ಕೊನೆಗೆ ಚಾವಣಿಯ ಕಾಲುವೆ ಮತ್ತು ಕೆರಿಯರ್ ತೂತುಗಳು. ಒಂದೊಂದು ಜಾಗಕ್ಕೂ ಐದರಿಂದ ಹತ್ತು ನಿಮಿಷ ಬೇಕು. ಮೇಲಿನಿಂದ ಶುರುಮಾಡಿದರೆ ನೀರು ಕೆಳಗಿನ ಎಲ್ಲ ಸಂದಿಗಳ ಮೇಲೂ ಹರಿದು, ಸೋರಿದ್ದು ಯಾವುದು ಅಂತ ಹೇಳಲು ಬರುವುದಿಲ್ಲ. ಅವಸರ ಮಾಡುವವರು ತಪ್ಪುವುದು ಇಲ್ಲೇ: ಎರಡು ನಿಮಿಷ ಸುರಿದು "ಇಲ್ಲಿ ಸೋರುತ್ತಿಲ್ಲ" ಎಂದು ಮುಂದೆ ಹೋಗುತ್ತಾರೆ, ಏಳನೇ ನಿಮಿಷಕ್ಕೆ ಹನಿ ಬೀಳುವ ಹೊತ್ತಿಗೆ ಪೈಪ್ ಬೇರೆ ಕಡೆ ಇರುತ್ತದೆ, ತಪ್ಪು ಜಾಗಕ್ಕೆ ಸೀಲೆಂಟ್ ಬೀಳುತ್ತದೆ.

ಗಾಡಿ ಸಮತಟ್ಟು ನೆಲದಲ್ಲಿದ್ದಾಗ ಏನೂ ಸಿಗದಿದ್ದರೆ ಮೂತಿಯನ್ನು ಇಳಿಜಾರಿಗೆ ಮಾಡಿ ಒಮ್ಮೆ, ಏರಿಗೆ ಮಾಡಿ ಒಮ್ಮೆ ಪರೀಕ್ಷೆ ಮಾಡಿ. ಚಾವಣಿಯ ಕಾಲುವೆಯ ನೀರು ವಾಲಿದ ಕಡೆಗೆ ಹರಿಯುತ್ತದೆ. ದಿನವೂ ಏರಿನಲ್ಲಿ ನಿಲ್ಲುವ ಗಾಡಿಯ ಸೋರಿಕೆ ಸಮನೆಲದಲ್ಲಿ ಕಾಣದೇ ಹೋಗಬಹುದು.

ಹಿಂಬಾಗಿಲಿನ ಬೀಡಿಂಗಿಗೆ, ಅಂದರೆ ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿಗೆ, ಬೇರೆಯದೇ ಪರೀಕ್ಷೆ. ಬೆರಳಗಲದ ಕಾಗದದ ಪಟ್ಟಿಯನ್ನು ರಬ್ಬರಿನ ಮೇಲಿಟ್ಟು ಬಾಗಿಲು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸರಕ್ಕನೆ ಜಾರಿದರೆ ಅಲ್ಲಿ ಒತ್ತಡವಿಲ್ಲ. ಹತ್ತು ಸೆಂಟಿಮೀಟರಿಗೊಮ್ಮೆ ಸುತ್ತಲೂ ಮಾಡಿ. ಬೀಡಿಂಗಿಗೆ ಸೀಮೆಸುಣ್ಣ ಬಳಿದು ಬಾಗಿಲು ಮುಚ್ಚಿ ತೆಗೆದರೆ ತಾಗಿದ ಕಡೆ ಬಿಳಿ ಗುರುತು ಮೂಡುತ್ತದೆ, ತಾಗದ ಕಡೆ ಮೂಡುವುದಿಲ್ಲ. ರಬ್ಬರ್ ಮೆತ್ತಗಿದ್ದೂ ಗುರುತು ತುಂಡು ತುಂಡಾಗಿದ್ದರೆ ಹೊಸ ಬೀಡಿಂಗ್ ತರುವುದಕ್ಕಿಂತ ಮೊದಲು ಕೀಲು ಮತ್ತು ಬೀಗದ ಕೊಂಡಿ ಸರಿಹೊಂದಿಸಿ. ಬೀಡಿಂಗ್ ಕೂರುವ ತಗಡಿನ ಅಂಚೇ ತುಕ್ಕಿನಿಂದ ಉಬ್ಬಿದ್ದರೆ ಎಂಥ ರಬ್ಬರೂ ಕೂರುವುದಿಲ್ಲ.

ಇದೇ ದೋಷಕ್ಕೆ ಇನ್ನೊಂದು ಮುಖವಿದೆ, ಅದು ತುಕ್ಕಿಗಿಂತ ಅಪಾಯ. ಹಿಂಬದಿ ಚಪ್ಪಟೆಯಾದ ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಸೈಲೆನ್ಸರ್ ಹೊಗೆ ಅಲ್ಲೇ ಸುತ್ತುತ್ತದೆ. ಬೀಡಿಂಗ್, ಹಿಂದೀಪದ ಗ್ಯಾಸ್ಕೆಟ್, ನೆಲದ ಬಿರಡೆ, ತುಕ್ಕಿನ ತೂತು, ಹೀಗೆ ನೀರು ಬರುವ ಸಂದಿಯೆಲ್ಲ ಹೊಗೆಗೂ ದಾರಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹೊಗೆಯ ವಾಸನೆ ಬರುತ್ತಿಲ್ಲ ಎಂದು ನೆಮ್ಮದಿಯಾಗಿರಬೇಡಿ. ಹಿಂದಿನ ಗಾಜು ಇಳಿಸಿಕೊಂಡು ಓಡಿಸುವುದು ಬೇಡ. ಕತ್ತಲಾದ ಮೇಲೆ ಒಬ್ಬರು ಒಳಗೆ ಕೂತು, ಹೊರಗಿನಿಂದ ಬಾಗಿಲಿನ ಸುತ್ತ ಟಾರ್ಚ್ ಹಾಯಿಸಿದರೆ ಬೆಳಕು ಇಣುಕುವ ಕಡೆಯೆಲ್ಲ ಹೊಗೆಯೂ ಇಣುಕುತ್ತದೆ. ಸೈಲೆನ್ಸರಿನ ಬಾಲದ ಕೊಳವೆ ತುಕ್ಕಿಗೆ ತುಂಡಾಗಿ ಬಂಪರಿನ ಒಳಗೇ ನಿಂತಿದ್ದರೆ ಅದನ್ನು ಮೊದಲು ಬದಲಿಸಿ.

ಕಳ್ಳ ಸಿಕ್ಕುವ ಜಾಗಗಳು

ಕೆರಿಯರಿನ ಸ್ಕ್ರೂ ತೂತುಗಳಲ್ಲಿ ಮೂಲದ ವಾಷರ್ ಒಣಗಿ ಬಿರಿದಿರುತ್ತದೆ. ಸ್ಕ್ರೂ ತೆಗೆದು, ತೂತಿನ ಅಂಚಿನ ತುಕ್ಕು ಕೆರೆದು, ಎಪಾಕ್ಸಿ ಪ್ರೈಮರ್ ಹಚ್ಚಿ, ಬ್ಯುಟೈಲ್ ಅಂಟಿನ ಉಂಡೆಯಿಟ್ಟು ಬಿಗಿಯಿರಿ. ಚಾವಣಿಯ ಕಾಲುವೆಯಲ್ಲಿ ಹಳೆಯ ಸೀಲೆಂಟ್ ಕೂದಲೆಳೆಯಂತೆ ಸೀಳಿರುತ್ತದೆ, ಬಣ್ಣದ ಮೇಲಿನಿಂದ ಏನೂ ಕಾಣುವುದಿಲ್ಲ. ಉಗುರಿನಿಂದ ಒತ್ತಿ ನೋಡಿ. ಗರಿಗರಿಯಾಗಿ ಏಳುವ ಕಡೆಯೆಲ್ಲ ಕೆರೆದು ತೆಗೆಯಬೇಕು. ಅದರ ಮೇಲೆಯೇ ಹೊಸ ಸೀಲೆಂಟ್ ಬಳಿದರೆ ಒಳಗಿನ ನೀರಿಗೆ ಮುಚ್ಚಳ ಹಾಕಿದಂತೆ.

ಗಾಜಿನ ರಬ್ಬರ್ ಹೆಚ್ಚು ಕಾಡುತ್ತದೆ. ರಬ್ಬರಿನ ತೋಡಿನಲ್ಲಿ ನೀರು ಕೂತು ಗಾಜಿನ ಚೌಕಟ್ಟಿನ ತಗಡಿನ ಅಂಚು ಕೊಳೆಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆ ಉಬ್ಬಿಗೆ ಗಾಜಿನ ಮೂಲೆ ಸೀಳಿದ್ದೂ ಇದೆ. ರಬ್ಬರಿನ ಅಂಚು ಎತ್ತಿ ಸೀಲೆಂಟ್ ತುಂಬುವುದು ತಾತ್ಕಾಲಿಕ. ಗಾಜು ತೆಗೆದು ಅಂಚನ್ನು ಬರಿ ತಗಡಿಗೆ ತಂದು, ತೂತಿದ್ದರೆ ಬೆಸೆದು, ಎಪಾಕ್ಸಿ ಹಾಕಿ, ಹೊಸ ರಬ್ಬರಿನಲ್ಲಿ ಕೂರಿಸುವುದೇ ರಿಪೇರಿ. ಕೂರಿಸುವಾಗ ರಬ್ಬರಿನ ಒಳತೋಡಿಗೆ 4–5 ಮಿ.ಮೀ. ದಪ್ಪದ ನಯವಾದ ದಾರ ಸುತ್ತಿ, ಸೋಪಿನ ನೀರು ಹಚ್ಚಿ, ಗಾಜನ್ನು ಹೊರಗಿನಿಂದ ಒತ್ತಿ ಹಿಡಿದು ಒಳಗಿನಿಂದ ದಾರ ಎಳೆಯುತ್ತಾ ಹೋದರೆ ರಬ್ಬರಿನ ತುಟಿ ತಾನಾಗಿ ತಗಡನ್ನು ದಾಟಿ ಕೂರುತ್ತದೆ. ಸೀಲಿಗೆ ಗಟ್ಟಿಯಾಗದ ಗ್ಲೇಜಿಂಗ್ ಸೀಲೆಂಟ್ ಬಳಸಿ. ವಿನಿಗರ್ ವಾಸನೆಯ ಸಿಲಿಕೋನ್ ಹತ್ತಿರಕ್ಕೂ ಬೇಡ: ಒಣಗುವಾಗ ಅದು ಅಸಿಟಿಕ್ ಆಮ್ಲ ಬಿಟ್ಟು ತಗಡಿಗೆ ತುಕ್ಕು ಹಿಡಿಸುತ್ತದೆ, ಸಾಲದ್ದಕ್ಕೆ ಅದು ತಾಗಿದ ಕಡೆ ಮುಂದೆ ಬಣ್ಣ ಹಿಡಿಯುವುದಿಲ್ಲ.

ಪೆಟ್ರೋಲ್ ತುಂಬುವ ಕೊಳವೆಯ ಸುತ್ತಲಿನ ರಬ್ಬರ್, ಹಿಂದೀಪದ ಗ್ಯಾಸ್ಕೆಟ್, ಹಿಂಬಾಗಿಲಿನ ಕೆಳಗಿನ ನೀರಿಳಿಯುವ ತೂತು, ಇವನ್ನು ನೋಡಲು ಹತ್ತು ನಿಮಿಷ ಸಾಕು. ಗಾಜಿನ ಮೇಲಿಂದ ಬಾಗಿಲಿನೊಳಗೆ ನೀರು ಇಳಿಯುವುದು ಸಹಜ, ಕೆಳಗಿನ ತೂತುಗಳು ಇರುವುದೇ ಅದಕ್ಕೆ. ಅವನ್ನು ಅಂಡರ್‌ಕೋಟಿನಿಂದ ಮುಚ್ಚಿಬಿಟ್ಟ ಗಾಡಿಗಳ ಬಾಗಿಲಿನ ತಳವೇ ಮೊದಲು ಹೋಗುತ್ತದೆ.

ಮರದ ಚೌಕಟ್ಟಿನ ಗಾಡಿಯಾದರೆ ಲೆಕ್ಕ ಬೇರೆ. 1953ರಿಂದ 1971ರವರೆಗೆ ಬಂದ ಬ್ರಿಟನ್ನಿನ ಮಾರಿಸ್ ಮೈನರ್ ಟ್ರಾವೆಲರ್‌ನ ಹಿಂಭಾಗದ ಆಶ್ ಮರ ಅಲಂಕಾರಕ್ಕಲ್ಲ, ಅದು ಭಾರ ಹೊರುವ ಚೌಕಟ್ಟು. ಕೆಳಗಿನ ಅಡ್ಡಮರದ ಕೂಡಿಕೆಯಲ್ಲಿ ಮರ ಕಪ್ಪಾಗಿ, ದಬ್ಬಣ ಚುಚ್ಚಿದರೆ ಒಳಗಿಳಿದರೆ ಆ ತುಂಡನ್ನೇ ಬದಲಿಸಬೇಕು. ವಾರ್ನಿಷ್ ಬಳಿದರೆ ಪ್ರಯೋಜನವಿಲ್ಲ.

ತುಕ್ಕನ್ನು ಓದುವುದು

ನೀರಿನ ದಾರಿ ಸಿಕ್ಕಮೇಲೆ ತಗಡಿನ ಲೆಕ್ಕ. ಬಣ್ಣದ ಮೇಲೆ ಒಂದು ಚುಕ್ಕೆ, ಸುತ್ತ ಗುಂಡಗೆ ಸಿಪ್ಪೆ, ಕೆರೆದರೆ ಅಡಿಯಲ್ಲಿ ಗಟ್ಟಿ ತಗಡು: ಇದು ಕಲ್ಲು ಸಿಡಿದು ಹೊರಗಿನಿಂದ ಬಂದ ತುಕ್ಕು, ಇಲ್ಲಿ ಕತ್ತರಿ ಬೇಕಿಲ್ಲ. ಸೀಮಿನುದ್ದಕ್ಕೂ ಅಥವಾ ಚಕ್ರದ ಕಮಾನಿನ ಅಂಚಿನಲ್ಲಿ ಸಾಲು ಗುಳ್ಳೆ, ಒಡೆದರೆ ಸೂಜಿಮೊನೆಯಷ್ಟು ತೂತು: ಇದು ಒಳಗಿನಿಂದ ಬಂದದ್ದು. ಹೊರಗೆ ನಾಣ್ಯದಷ್ಟು ಕಂಡರೆ ಒಳಗೆ ಅಂಗೈಯಗಲ ಇರುತ್ತದೆ ಎಂದುಕೊಂಡೇ ಅಳತೆ ಹಾಕಿ.

ಚಪ್ಪಟೆ ಮೂತಿಯ ಹಳೆಯ ಸ್ಕ್ರೂಡ್ರೈವರಿನಿಂದ ಗಟ್ಟಿಯಾಗಿ ಒತ್ತಿ. ತಗಡು ಬಾಗಿದರೆ, ಕರಕರ ಎಂದರೆ ಅದು ಹೋಗಿದೆ. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಒಳ್ಳೆಯ ತಗಡು ಝಣ್ ಎನ್ನುತ್ತದೆ, ಕೊಳೆತದ್ದು ಬೊದ್ದಾಗಿ ಡಬ್ ಎನ್ನುತ್ತದೆ. ಪುಟ್ಟಿ ಎಲ್ಲಿದೆ ಎಂದು ತಿಳಿಯಲು ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ ಸಾಕು. ಅದು ಹಿಡಿಯದ ಕಡೆ ಪುಟ್ಟಿಯೋ ಫೈಬರೋ ಇದೆ. ಹೊಳೆಯುವ ಹೊಸ ಬಣ್ಣವಿರುವ ಗಾಡಿಯಲ್ಲಿ ಈ ಪರೀಕ್ಷೆಯನ್ನು ಇನ್ನೂ ಶ್ರದ್ಧೆಯಿಂದ ಮಾಡಿ.

ಸ್ಟೆಪ್ನಿ ಗುಂಡಿ, ಮಡ್‌ಗಾರ್ಡ್ ತುದಿ, ಬಾಗಿಲಿನ ತಳ ಕೊಳೆತರೆ ಕಿರಿಕಿರಿ, ಅಷ್ಟೇ. ಸ್ಪ್ರಿಂಗ್ ಮತ್ತು ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟಿನ ಬೋಲ್ಟ್, ಸ್ಟೀರಿಂಗ್ ಪೆಟ್ಟಿಗೆ, ಸಿಲ್, ಅಡಿಯ ಪೆಟ್ಟಿಗೆ ಕಂಬಿಗಳು, ಇವುಗಳ ಸುತ್ತ 30 ಸೆಂ.ಮೀ. ಒಳಗೆ ತೂತು ಕಂಡರೆ ಗಾಡಿ ರಸ್ತೆಗಿಳಿಯಬಾರದು. ಅಲ್ಲಿ ರಿವೆಟ್, ಅಂಟು, ಪುಟ್ಟಿ ನಡೆಯುವುದಿಲ್ಲ. ಮೂಲ ದಪ್ಪದ ತಗಡನ್ನು ಪೂರ್ತಿ ಬೆಸೆಯಬೇಕು. ಬೆಸುಗೆಯಲ್ಲಿ ಕೈ ಪಳಗದಿದ್ದರೆ ಈ ಭಾಗವನ್ನು ಬಲ್ಲವರಿಗೆ ಬಿಡುವುದೇ ವಾಸಿ.

ಬೆಸುಗೆ ತಪ್ಪುವುದು ಎಲ್ಲಿ

ಸಿಲ್ ಕತ್ತರಿಸುವ ಮುಂಚೆ ಬಾಗಿಲಿನ ಚೌಕಕ್ಕೆ ಅಡ್ಡಲಾಗಿ ಚೌಕ ಪೈಪ್ ಬೆಸೆದು ಬಿಗಿಮಾಡಿ, ಕರ್ಣದ ಅಳತೆ ಬರೆದಿಟ್ಟುಕೊಳ್ಳಿ. ಚಾವಣಿ ಉದ್ದವಿದೆ, ಅದೇ ಹಿಡಿದುಕೊಳ್ಳುತ್ತದೆ ಎಂಬುದು ತಪ್ಪು ಲೆಕ್ಕ. ಸಿಲ್ ಬದಲಿಸಿದ ಮೇಲೆ ಹಿಂದಿನ ಬಾಗಿಲು ಕೂರದಿದ್ದರೆ, ಅದರ ಸಂದು ಮೇಲೆ ಕಿರಿದಾಗಿ ಕೆಳಗೆ ಹಿಗ್ಗಿದ್ದರೆ, ಕತ್ತರಿಸಿದಾಗ ಗಾಡಿ ನಡುವೆ ಕುಸಿದಿದೆ. ಬೆಸೆಯುವ ಮುನ್ನ ಬಾಗಿಲು ಹಾಕಿ ನೋಡಿದ್ದರೆ ತಿಳಿಯುತ್ತಿತ್ತು.

ಮೈತಗಡು ಸಾಮಾನ್ಯವಾಗಿ 0.8ರಿಂದ 1 ಮಿ.ಮೀ. ಮಿಗ್ ಬೆಸುಗೆಗೆ (ತಂತಿ ತಾನಾಗಿ ಬರುತ್ತಾ ಗ್ಯಾಸಿನ ಮರೆಯಲ್ಲಿ ಕರಗುವ ವಿದ್ಯುತ್ ಬೆಸುಗೆ) 0.6 ಮಿ.ಮೀ. ತಂತಿ, ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಿಶ್ರಣ. ತೂತು ಬೀಳುತ್ತಲೇ ಹೋದರೆ ಕರೆಂಟ್ ಹೆಚ್ಚಿದೆ, ಇಲ್ಲವೇ ನೀವು ಇನ್ನೂ ಕೊಳೆತ ತಗಡಿನ ಮೇಲೇ ಇದ್ದೀರಿ; ಹೊಳೆಯುವ ಗಟ್ಟಿ ಲೋಹ ಬರುವವರೆಗೂ ಕತ್ತರಿಸಿ. ಬೆಸುಗೆ ಸ್ಪಂಜಿನಂತೆ ರಂಧ್ರ ರಂಧ್ರವಾದರೆ ಗಾಳಿಗೆ ಗ್ಯಾಸ್ ಚದುರುತ್ತಿದೆ ಅಥವಾ ಹಿಂಬದಿಯಲ್ಲಿ ಬಣ್ಣ, ಟಾರು ಉಳಿದಿದೆ. ತಗಡು ಅಲೆಅಲೆಯಾದರೆ ಒಂದೇ ಕಡೆ ಉದ್ದಕ್ಕೆ ಎಳೆದಿದ್ದೀರಿ. ಚುಕ್ಕೆ ಬೆಸುಗೆ ಹಾಕಿ, ಎದುರು ತುದಿಗೆ ಹೋಗಿ, ಕೈಯಿಡುವಷ್ಟು ತಣಿದ ಮೇಲೆ ಮರಳಿ ಬನ್ನಿ. ಬೆಸೆಯುವ ಜಾಗವನ್ನು ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಬೇಡಿ; ಬೆಸುಗೆಯ ಶಾಖಕ್ಕೆ ಅದು ಫಾಸ್ಜಿನ್ ಎಂಬ ವಿಷಾನಿಲವಾಗುತ್ತದೆ. ಬ್ಯಾಟರಿ ಬಿಚ್ಚಿ, ಸ್ಟೆಪ್ನಿ ಗುಂಡಿಯ ಪಕ್ಕದ ಕೆಲಸವಾದರೆ ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರವಿಡಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ, ನೆಲದ ಟಾರು ಪಟ್ಟಿ ನಿಧಾನವಾಗಿ ಹೊತ್ತಿಕೊಳ್ಳುತ್ತದೆ.

ಕೀಲು, ಬ್ರಾಕೆಟ್‌ನಂಥ ಬಿಡಿಭಾಗಗಳ ತುಕ್ಕು ಬಿಡಿಸಲು ವಿದ್ಯುತ್ ಸ್ನಾನ ಒಳ್ಳೆಯದು: ಹತ್ತು ಲೀಟರ್ ನೀರಿಗೆ ಸುಮಾರು ಮೂರು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್, ತುಕ್ಕಿನ ಭಾಗಕ್ಕೆ ಋಣ ತಂತಿ, ಸಾದಾ ಕಬ್ಬಿಣದ ತುಂಡಿಗೆ ಧನ ತಂತಿ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಲ್ಲಿ ಮಾಡಿ. ಸ್ಪ್ರಿಂಗ್, ಸೀಟ್ ಬೆಲ್ಟ್ ಬೋಲ್ಟ್‌ಗಳನ್ನು ಇದರಲ್ಲಿ ಹಾಕಬಾರದು. ಗಡಸು ಉಕ್ಕು ಹೈಡ್ರೋಜನ್ ಹೀರಿ ಪೆಡಸಾಗುತ್ತದೆ.

ತುಕ್ಕು ಮರಳಿ ಬಂದರೆ

ಎಲ್ಲಿ ಬಂತು ಎನ್ನುವುದು ಏನು ತಪ್ಪಾಯಿತು ಎಂದು ಹೇಳುತ್ತದೆ. ಬೆಸುಗೆಯ ಗೆರೆಯಲ್ಲೇ ಬಂದರೆ ಹಿಂಬದಿ ಬರಿದಾಗಿ ಉಳಿದಿದೆ. ಬೆಸುಗೆಯ ಶಾಖಕ್ಕೆ ಒಳಗಿನ ಪ್ರೈಮರ್ ಸುಟ್ಟುಹೋಗಿರುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಕಡೆ ಬಂದರೆ ನಡುವೆ ಸತುವಿನ ಪ್ರೈಮರ್ ಹಾಕಿರಲಿಲ್ಲ, ಅಥವಾ ಅಂಚಿಗೆ ಸೀಲೆಂಟ್ ಇರಲಿಲ್ಲ. ಬಯಲು ತಗಡಿನ ಮೇಲೆ ಸಣ್ಣ ಗುಳ್ಳೆಗಳೆದ್ದರೆ ಪುಟ್ಟಿ ನೀರು ಹೀರಿದೆ: ಬರಿ ತಗಡಿಗೆ ಪುಟ್ಟಿ ಹಾಕಿ ಸಾದಾ ಪ್ರೈಮರಿನಲ್ಲಿ ವಾರಗಟ್ಟಲೆ ಬಿಟ್ಟಿದ್ದರೆ ಹೀಗಾಗುತ್ತದೆ. ಬಣ್ಣ ಹಾಳೆಹಾಳೆಯಾಗಿ ಏಳುತ್ತಿದ್ದರೆ ತುಕ್ಕು ಪರಿವರ್ತಕದ (ತುಕ್ಕನ್ನು ಗಟ್ಟಿ ಪದರವಾಗಿಸುವ ರಾಸಾಯನಿಕ) ಆಮ್ಲ ತೊಳೆಯದೆ ಅದರ ಮೇಲೆ ಎಪಾಕ್ಸಿ ಹೊಡೆದಿದ್ದಾರೆ.

ಸರಿಯಾದ ಕ್ರಮ ಹೀಗೆ: ಬರಿ ಲೋಹ, ಎರಡು ಕೋಟ್ ಎಪಾಕ್ಸಿ, ಅದರ ಮೇಲೆ ಪಾಲಿಯುರೆಥೇನ್ ಸೀಮ್ ಸೀಲೆಂಟ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಕೊನೆಗೆ ಪೊಳ್ಳುಗಳೊಳಗೆ ಮೇಣ. ಮೇಣವನ್ನು ಮೊದಲೇ ಹಾಕಿದರೆ ಬೆಸೆಯುವಾಗ ಬೆಂಕಿ ಹಿಡಿಯುತ್ತದೆ. ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ತೆಳುಮಾಡಿ, ಸುತ್ತಲೂ ಚಿಮ್ಮುವ ಉದ್ದದ ನಳಿಕೆಯನ್ನು ಸಿಲ್ಲಿನ ತುದಿಯವರೆಗೆ ತೂರಿಸಿ, ಒತ್ತುತ್ತಾ ನಿಧಾನಕ್ಕೆ ಹಿಂದಕ್ಕೆಳೆಯಿರಿ. ಮಾರನೆಯ ದಿನ ಕೆಳಗಿನ ನೀರಿಳಿಯುವ ತೂತುಗಳಿಗೆ ತಂತಿ ಹಾಕಿ ಬಿಡಿಸಿ. ಮೇಣವೇ ಅವನ್ನು ಮುಚ್ಚಿರುತ್ತದೆ.

ಹಿಂದೀಪ ಮಂಕಾದರೆ

ತುಕ್ಕಿನ ಗಾಡಿಯಲ್ಲಿ ವಿದ್ಯುತ್ ದೋಷವೂ ತುಕ್ಕಿನದ್ದೇ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕಿದರೆ ಆ ಬದಿಯ ಅರ್ಥಿಂಗ್ ಹೋಗಿದೆ. ದೀಪ ಹೊತ್ತಿಸಿ, ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ಋಣಕ್ಕೆ, ಇನ್ನೊಂದು ದೀಪದ ಅರ್ಥ್ ತುದಿಗೆ ಇಡಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಸ್ಕ್ರೂ ಬಿಚ್ಚಿ ತಗಡನ್ನು ಹೊಳೆಯುವಂತೆ ಉಜ್ಜಿ, ಬಿಗಿದ ಮೇಲೆ ಗ್ರೀಸ್ ಸವರಿ. ಸ್ಟೆಪ್ನಿ ಗುಂಡಿಗೆ ಹೊಸ ತಗಡು ಹಾಕಿದವರು ಆ ಸ್ಕ್ರೂವಿನ ಜಾಗಕ್ಕೂ ಬಣ್ಣ ಹೊಡೆದಿರುವುದು ಮಾಮೂಲು. ಹಿಂಬಾಗಿಲಿನ ವೈಪರ್, ನಂಬರ್ ಪ್ಲೇಟ್ ದೀಪ ಆಗೊಮ್ಮೆ ಈಗೊಮ್ಮೆ ಸಾಯುತ್ತಿದ್ದರೆ ಕೀಲಿನ ಬಳಿ ಬಾಗುವ ತಂತಿಗಳನ್ನು ನೋಡಿ. ಸ್ವೀಡನ್ನಿನ ವೋಲ್ವೋ 245 ವ್ಯಾಗನ್ನಿನಲ್ಲಿ ಇದು ಹೆಸರುವಾಸಿ ರೋಗ. ರಬ್ಬರ್ ಕವಚ ಸರಿಸಿ ಒಂದೊಂದೇ ತಂತಿಯನ್ನು ಮೆಲ್ಲಗೆ ಎಳೆಯಿರಿ. ಒಳಗೆ ತುಂಡಾದ ತಂತಿ ರಬ್ಬರಿನಂತೆ ಹಿಗ್ಗುತ್ತದೆ. ಮೆತ್ತನೆಯ ಬಹು ಎಳೆಯ ತಂತಿಯಿಂದ ಜೋಡಿಸಿ. ಬೆಸುಗೆಯ ಗಂಟು ಬಾಗುವ ಜಾಗದಲ್ಲಿ ಬಾರದಂತೆ, ಎರಡು ಬದಿಗೂ ಒಂದು ಗೇಣು ದೂರಕ್ಕೆ ತಳ್ಳಿ.